ಗಂಟೆಯ ನಾಲಗೆಗೆ ಕಟ್ಟಿದ ಬಟ್ಟೆ

ಕಂಡಕ್ಟರನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು, ಮೀಸೆಯ ಕೆಳಗೆ ಹಲ್ಲಿನ ಸಾಲು ಹೊಳೆದು ಮರೆಯಾಯಿತು, ಎಲ್ಲಿಗೆ ಅಂತ ಕೇಳಿದ್ದಿರಬೇಕು, ಕಂಡಕ್ಟರು ಇನ್ನೇನು ಕೇಳ್ತಾನೆ, ಗುಬ್ಬಿ ಒಂದು ಅಂದಳು ಎಸ್ತೇರಮ್ಮ, ಅಂದದ್ದು ಜೋರಾಯಿತೇನೋ, ಮುಂದಿನ ಸೀಟಿನಲ್ಲಿ ತಾಯಿಯ ಹೆಗಲಿಗೆ ಒರಗಿದ್ದ ಕೂಸು ಬೆಚ್ಚಿ ಕಣ್ಣು ಬಿಟ್ಟಿತು — ತನ್ನ ದನಿ ಎಷ್ಟೆತ್ತರಕ್ಕೆ ಹೋಗ್ತದೆ ಅನ್ನೋದು ತನಗೇ ತಿಳಿಯದೆ ಎರಡು ವರ್ಷವಾಯಿತು, ಎದುರಿನವರ ಮುಖ ನೋಡಿಕೊಂಡು ತಗ್ಗಿಸಬೇಕು, ಲಾಟೀನಿನ ಬತ್ತಿ ಇಳಿಸಿದ ಹಾಗೆ. ಬಸ್ಸು ಹೊರಟದ್ದು ಕಿವಿಗೆ ತಿಳಿಯಲಿಲ್ಲ, ಸೀಟಿನ ಕಬ್ಬಿಣದಿಂದ ಬೆನ್ನುಮೂಳೆಗೆ ತಿಳಿಯಿತು, ಕಿಟಕಿಯಾಚೆ ತುಮಕೂರು ಬಸ್‌ಸ್ಟ್ಯಾಂಡು ಹಿಂದಕ್ಕೆ ಸರಿಯತೊಡಗಿತು, ಕುಣಿಗಲ್ ಬಸ್ಸು ನಿಲ್ಲುವ ಜಾಗದಲ್ಲಿ ಮಗಳು ಸುನಂದ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದಾಳೆ, ಕೈ ಎತ್ತಿದಳು, ಇಳಿಸಿದಳು, ಅಳ್ತಿದ್ದಾಳೋ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೋ. ಅಂಗೈಯಲ್ಲಿ ಅವಳ ಬೆರಳು ಇನ್ನೂ ಬರೀತಾನೇ ಇದೆ, ಬ, ರ, ಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮನ ಅಂಗೈ ಬಿಡಿಸಿ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ತೀಡಿದಳು, ಇವಳು ಮೂರು ವರ್ಷದವಳಿದ್ದಾಗ ರಾಗಿ ಹಿಟ್ಟಿನ ಮೇಲೆ ಇದೇ ಬೆರಳು ಹಿಡಿದು ತಾನು ತೀಡಿಸಿದ್ದು, ಈಗ ಅದೇ ಬೆರಳು ತಿರುಗಿ ಬಂದು ಬರಲ್ಲ ಅಂತೆ ಅಂತ ಬರೀತಿದೆ, ಕಿವಿ ಇನ್ನು ಬರಲ್ಲ ಅಂತೆ ಅಮ್ಮ. ಡಾಕ್ಟರು ಒಳ್ಳೆಯವರೇ, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಕವಲಾದ ಒಂದು ಉಕ್ಕಿನ ಕಡ್ಡಿಯನ್ನು ಮೊಣಕೈಗೆ ತಟ್ಟಿ ಕಿವಿಯ ಹಿಂದಿನ ಮೂಳೆಗೆ ಒತ್ತಿದರು, ಹುಬ್ಬೆತ್ತಿ ಕೇಳಿದರು, ನಡುಗ್ತದೆ ಸಾರ್, ಕೇಳಲ್ಲ, ಅಂದಳು, ಅವರು ತಲೆಯಾಡಿಸಿ ಮಗಳ ಕಡೆ ತಿರುಗಿದರು, ಆಮೇಲಿನದೆಲ್ಲ ತುಟಿಗಳ ಆಟ. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಸುನಂದಳ ಬೆರಳು ಮತ್ತೆ ಬರೆಯಿತು, ಕುಣಿಗಲ್‌ಗೆ ಬಾ. ಅಳಿಯನಿಗೆ ಮಾರ್ಕೋನಹಳ್ಳಿ ಡ್ಯಾಮಿನಲ್ಲಿ ಕೆಲಸ, ಕುಣಿಗಲ್ಲಿನಲ್ಲಿ ಹೆಂಚಿನ ಮನೆ, ನಲ್ಲಿ ಇದೆ, ಒಂದು ಕೋಣೆ ಖಾಲಿ ಇದೆ, ಕೂತು ಉಣ್ಣಬಹುದು, ಎಲ್ಲ ನಿಜವೇ, ಆದರೆ ನಾಳೆ ಈಸ್ಟರ್ ಕಣೇ, ನಾಳೆ ಬೆಳಿಗ್ಗೆ ಗಂಟೆ ಹೊಡೀಬೇಕು ಅಂದಾಗ ಮಗಳ ಬೆರಳು ಅಂಗೈ ಮೇಲೆ ಹಾಗೇ ನಿಂತಿತು, ಬರೀ ಒಂದು ಚುಕ್ಕಿ ಇಟ್ಟ ಹಾಗೆ ನಿಂತಿತು, ಆಮೇಲೆ ಬರೆದಳು, ಹೋದ ವರ್ಷದ ಹಾಗಾದರೆ? ಆಗಲ್ಲ ಅಂದಳು ತಾಯಿ. ಆದರೆ? ಆದರೆ ಬರ್ತೀನಿ, ಗಂಟೆಯ ಹಗ್ಗ ದೇವಪುತ್ರಪ್ಪ ಮೇಷ್ಟ್ರ ಕೈಗೆ ಕೊಟ್ಟು ನಿಮ್ಮನೆಗೇ ಬರ್ತೀನಿ, ಹೋಗು ನಿನ್ನ ಬಸ್ಸು ನಿಂತದೆ.

ಹೆಗ್ಗೆರೆ ದಾಟಿತು, ಮಲ್ಲಸಂದ್ರ ಬಂತು, ರಸ್ತೆಯ ಎರಡೂ ಕಡೆ ಹೊಂಗೆ ಹೂ ಉದುರಿ ನೆಲ ಬೂದಿ ಬಳಿದ ಹಾಗಿದೆ, ಆ ಹೂವಿನ ಮೇಲೆ ಜೇನು ಗುಂಯ್‌ಗುಡ್ತಿರಬೇಕು, ಇರಬೇಕು ಅಷ್ಟೆ, ಈಗ ಎಲ್ಲವೂ ಇರಬೇಕು ಅನ್ನೋದರ ಮೇಲೇ ನಡೆಯೋದು, ಕಡಬದಲ್ಲಿ ತಮ್ಮ ಕ್ರೈಸ್ತರ ಪಾಳ್ಯದ ಚರ್ಚಿನ ಪಕ್ಕದಲ್ಲೂ ಇಂಥದೇ ಒಂದು ಹೊಂಗೆ, ಅದರ ಅಡಿಯಲ್ಲಿ ಎರಡು ಕಲ್ಲುಕಂಬ, ಕಂಬದ ಮೇಲೆ ಅಡ್ಡತೊಲೆ, ತೊಲೆಗೆ ಗಂಟೆ — ಮಾವ ಸಮುವೇಲಪ್ಪ ಮೊದಲ ಸಲ ಅದರ ಕೆಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದಾಗ ಅವಳು ಹೊಸ ಸೊಸೆ, ಮೇಲೆ ನೋಡವ್ವ ಅಂದರು, ಕಪ್ಪು ಬಾಯಿ, ಬಾಯೊಳಗೆ ಕಬ್ಬಿಣದ ನಾಲಗೆ, ನಾಲಗೆಯ ತುದಿಗೆ ಹಗ್ಗ, ಇಷ್ಟೇ ನಮ್ಮ ಆಸ್ತಿ ಅಂತ ನಕ್ಕರು. ಮಾವನ ಕಿವಿಯಲ್ಲಿ ಯಾವಾಗಲೂ ಹತ್ತಿ, ಗಂಟೆಯ ಅಡಿಯಲ್ಲಿ ನಿಂತೋನಿಗೆ ಗಂಟೆ ಚೆನ್ನಾಗಿ ಕೇಳಲ್ಲ ಕಣವ್ವ, ಬರೀ ಗದ್ದಲ ಕೇಳ್ತದೆ, ಚೆನ್ನಾಗಿ ಕೇಳೋದು ಕೆರೆ ಏರಿ ಮೇಲೆ ನಿಂತೋರಿಗೆ, ನೀನು ಕೇಳ್ತಾ ನಿಂತೆಯೋ ಕೈ ತಪ್ತದೆ, ಎಳೀತಾ ಇರಬೇಕು ಅಷ್ಟೆ. ಅವರ ಕೈಯಿಂದ ಹಗ್ಗ ಮಗನಿಗೆ ಬಂತು, ಯೋಹಾನಪ್ಪನಿಗೆ, ಯೋಹಾನಪ್ಪ ಹೋದ ಮೇಲೆ ಅವನ ಹೆಂಡತಿಗೆ. ಬಟ್ಟೆ ಕಟ್ಟೋದು ಕೂಡ ಮಾವನದೇ ಕಟ್ಟಳೆ, ಬೇರೆ ಕಡೆ ಇದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲ, ಈಸ್ಟರ್‌ಗೆ ಮುಂಚಿನ ಗುರುವಾರ ಸಂಜೆ ಆರಾಧನೆ ಮುಗಿದ ಮೇಲೆ ಏಣಿ ಹತ್ತಿ ಗಂಟೆಯ ನಾಲಗೆಗೆ ಬಿಳೀ ಬಟ್ಟೆ ಸುತ್ತಿ ಕಟ್ಟಬೇಕು, ಯೇಸುಸ್ವಾಮಿಯ ದೇಹಕ್ಕೆ ನಾರುಬಟ್ಟೆ ಸುತ್ತಿದ ಹಾಗೆ, ಶುಕ್ರವಾರ ಶನಿವಾರ ಊರಿಗೆ ಗಂಟೆ ಇಲ್ಲ, ಭಾನುವಾರ ಬೆಳ್ಳಿ ಮೂಡೋ ಹೊತ್ತಿಗೆ ಬಟ್ಟೆ ಬಿಚ್ಚಿ ಎಳೀಬೇಕು, ಆ ಹೊತ್ತು ಎಳೆದವರು ತಾವಾಗಿ ನಿಲ್ಲಿಸೋ ಹಾಗಿಲ್ಲ, ಗಂಟೆ ಕೇಳಿ ಎದ್ದು ಮೊದಲು ಬಂದವರು ಕ್ರಿಸ್ತ ಎದ್ದಿದ್ದಾನೆ ಅಂತ ಹೇಳಿ ಕೈಯಿಂದ ಹಗ್ಗ ಇಸಿದುಕೊಳ್ಳಬೇಕು, ಎರಡನೆಯವರು ಅವರ ಕೈಯಿಂದ, ಹಾಗೆ ಪಾಳ್ಯದ ಜನವೆಲ್ಲ ಒಂದೊಂದು ಸಲ ಎಳೆದು ಆಮೇಲೆ ದೀಪ ಹಿಡಿದು ಸಮಾಧಿ ತೋಟಕ್ಕೆ ಹೊರಡೋದು, ಸೂರ್ಯ ಹುಟ್ಟೋ ಮುಂಚೆ ಅಲ್ಲಿರಬೇಕು, ಸತ್ತವರ ನಡುವೆ ನಿಂತು ಹಾಡಬೇಕು. ಹಿಂದಕ್ಕೆ ತಿರುಗಿ ಯಾರು ಬಂದರು ಯಾರು ಬರಲಿಲ್ಲ ಅಂತ ನೋಡಬೇಡ, ಅದೂ ಮಾವನ ಮಾತೇ. ಒಂದು ವರ್ಷ ಯೋಹಾನಪ್ಪ ಬಟ್ಟೆ ಬಿಚ್ಚೋದು ಮರೆತು ಎಳೆದುಬಿಟ್ಟಿದ್ದ, ದಬ್ ಅಂತು ಗಂಟೆ, ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ, ಅಯ್ಯೋ ಇವನ ಅಂತ ತನ್ನನ್ನೇ ಬೈದುಕೊಂಡು ಏಣಿ ಹತ್ತಿದ, ಏಣಿ ಹಿಡಿದು ನಿಂತಿದ್ದ ಅವಳು ನಗು ತಡೆಯಲಾಗದೆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು, ಒಂದೇ ಒಂದು ದಬ್, ಅಷ್ಟಕ್ಕೇ ಗೊತ್ತಾಯಿತು, ಆಗ ಕಿವಿ ಇತ್ತಲ್ಲ.

ಕಿವಿ ಹೋದದ್ದು ಒಂದೇ ದಿನದಲ್ಲಲ್ಲ, ಮೊದಲು ಕೆಮ್ಮು, ಆಮೇಲೆ ಕರವಸ್ತ್ರದಲ್ಲಿ ಕೆಂಪು, ಆಮೇಲೆ ದಿನಾ ಸೊಂಟಕ್ಕೆ ಇಂಜೆಕ್ಷನ್, ಕ್ಷಯ ಕಣಮ್ಮ ತಪ್ಪಿಸಬೇಡ ಅಂದರು, ತಪ್ಪಿಸಲಿಲ್ಲ, ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಹಾಕಿಸಿಕೊಂಡು ಬಂದಳು, ಪ್ರಾರ್ಥನೆ ಮಾಡಿದಳು, ಪಾಳ್ಯವೆಲ್ಲ ಮಾಡಿತು, ಬದುಕಿದಳು, ಜೀವ ಉಳಿಸಿದ ಮದ್ದೇ ಹೋಗ್ತಾ ಹೋಗ್ತಾ ಕಿವಿ ಎತ್ತಿಕೊಂಡು ಹೋಯಿತು, ಮೊದಲು ಸಣ್ಣ ಹಕ್ಕಿಗಳು ಹೋದವು, ಆಮೇಲೆ ಮಕ್ಕಳ ಮಾತು, ಆಮೇಲೆ ಹೆಂಗಸರದು, ಗಂಡಸರ ಮಾತು ಬಾವಿಯ ತಳದಲ್ಲಿ ಆಡಿದ ಹಾಗಾಗಿ ಅದೂ ಹೋಯಿತು, ಕೊನೆಗೆ ಉಳಿದದ್ದು ಗಂಟೆ, ಒಂದು ಭಾನುವಾರ ಎಳೆದಳು, ಅದೂ ಇಲ್ಲ. ಅವತ್ತು ಹೆದರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೆ ಒಂದು ಆಸೆಯೇ ಇತ್ತು, ಸ್ತ್ರೀಯರ ಕೂಟದಲ್ಲಿ ಎಲ್ಲರೂ ಅವಳ ಕೈ ಹಿಡಿದು ಸ್ಲೇಟಿನ ಮೇಲೆ ಬರೆದು ತೋರಿಸಿದ್ದರು, ಹೊರಗಿನ ಕಿವಿ ಮುಚ್ಚಿದ ದೇವರು ಒಳಗಿನ ಕಿವಿ ತೆರೀತಾನೆ ಅಂತ, ಹೌದೇನೋ ಅಂದುಕೊಂಡಳು, ಇಷ್ಟು ನಿಶ್ಶಬ್ದ ಮಾಡಿಟ್ಟಿದ್ದಾನೆ, ಮಾತಾಡೋಕೇ ಇರಬೇಕು ಅಂತ ಮೊಣಕಾಲೂರಿ ಕಾದಳು, ಬೆಳಿಗ್ಗೆ ಕಾದಳು, ಸಂಜೆ ಕಾದಳು, ಏನೂ ಇಲ್ಲ. ಮುಂಚೆ ಪ್ರಾರ್ಥನೆಗೆ ಕೂತರೆ ಎದೆಯೊಳಗೆ ಬೆಚ್ಚಗೆ ಏನೋ ಇಳಿದು ಬರ್ತಿತ್ತು, ಕರು ಬಾಯಿ ಹಾಕಿದ ಕೂಡಲೇ ಹಸುವಿನ ಕೆಚ್ಚಲಿಗೆ ಹಾಲು ಇಳಿದ ಹಾಗೆ, ಕಣ್ಣು ತಾನಾಗಿ ತುಂಬ್ತಿತ್ತು, ಅದು ನಿಂತುಹೋಯಿತು, ಮಾತುಗಳು ಬಾಯಲ್ಲಿ ರಾಗಿ ಹೊಟ್ಟಿನ ಹಾಗೆ, ನುಂಗೋಕೂ ಆಗದು ಉಗಿಯೋಕೂ ಆಗದು, ಕೀರ್ತನೆಯ ಹೊತ್ತಿನಲ್ಲಿ ಎಲ್ಲರ ತುಟಿ ನೋಡಿಕೊಂಡು ತುಟಿ ಆಡಿಸೋದು, ಪಾದ್ರಿ ಅಯ್ಯನವರು ಎರಡು ಕೈ ಎತ್ತಿದರೆ ಆಶೀರ್ವಾದ ಅಂತ ತಲೆ ಬಗ್ಗಿಸೋದು, ಮನೆಗೆ ಬಂದು ಗೋಡೆಗೆ ಒರಗಿ ಕೂತು ಒಂದು ದಿನ ಕೇಳಿಯೇಬಿಟ್ಟಳು, ನನಗೆ ಕಿವಿ ಇಲ್ಲ ಸರಿ, ನಿನಗೆ ಗಂಟಲಿಲ್ವಾ ಸ್ವಾಮಿ? ಆ ಮಾತೂ ಜೋರಾಗಿಯೇ ಬಂದಿರಬೇಕು, ಪಕ್ಕದ ತೆಂಗಿನ ತೋಟದ ಶಿವರುದ್ರಮ್ಮ ಬೇಲಿಯಾಚೆಯಿಂದ ತಲೆ ಎತ್ತಿ ನೋಡಿದಳು, ಯಾರ ಮೇಲೆ ಜಗಳ ತೆಗೆದಿದೀಯಾ ಅನ್ನೋ ಹಾಗೆ ಗದ್ದ ಕುಣಿಸಿದಳು, ಎಸ್ತೇರಮ್ಮ ಮೇಲಕ್ಕೆ ಬೆರಳು ತೋರಿಸಿದಳು, ಶಿವರುದ್ರಮ್ಮ ಎಲೆಯಡಿಕೆಯ ಕೆಂಪು ಬಾಯಿ ಅಗಲಿಸಿ ನಕ್ಕು ತನ್ನ ಕಿವಿ ಮುಟ್ಟಿ ಮೇಲಕ್ಕೆ ತೋರಿಸಿ ಕೈಯಾಡಿಸಿದಳು, ಅವನಿಗೂ ನಿನ್ನ ಹಾಗೇ ಆಗೈತೆ ಬುಡು ಅಂತ. ಆ ತಮಾಷೆ ಆ ದಿನ ಮುಳ್ಳಿನ ಹಾಗೆ ಚುಚ್ಚಿತ್ತು, ಈಗ ನೆನೆದರೆ ನಗು ಬರ್ತದೆ, ಬಸ್ಸಿನಲ್ಲಿ ಒಬ್ಬಳೇ ನಗ್ತಿದ್ದಾಳೆ, ಕೂಸಿನ ತಾಯಿ ತಿರುಗಿ ನೋಡಿದಳು, ಮುಖ ತಗ್ಗಿಸು ಎಸ್ತೇರಿ. ಆದರೂ ಮೊಣಕಾಲೂರೋದು ಬಿಡಲಿಲ್ಲ, ಅದೊಂದು ಬಿಡಲಿಲ್ಲ, ಬಿಟ್ಟರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಒಂಟಿ ಹೆಂಗಸಿನ ಮನೆ, ಬಾಗಿಲು ಮುಚ್ಚಿದರೆ ಮುಗೀತು, ಆದರೂ ಹೊಟ್ಟನ್ನೇ ಅಗಿದಳು, ಯಾಕೆ ಅಂತ ಕೇಳಿದರೆ — ಯಾಕೆ ಅಂದರೆ ಅವನು ಇದ್ದಾನೆ ಅನ್ನೋದು ನನ್ನ ಎದೆ ಬೆಚ್ಚಗಾಗೋದರ ಮೇಲೆ ನಿಂತಿದ್ದರೆ ಅವನು ಯಾವತ್ತೋ ಬಿದ್ದುಹೋಗಬೇಕಿತ್ತು, ಬಿದ್ದಿಲ್ಲವಲ್ಲ, ಕಡಬದ ಕೆರೆಯಲ್ಲಿ ನೀರು ಇಳಿದಿದೆ ಅಂತ ಕೆರೆ ಎಲ್ಲಿಗಾದರೂ ಎದ್ದು ಹೋಗ್ತದಾ.

ಆದರೆ ಹೋದ ವರ್ಷ, ಎಪ್ಪತ್ತೆಂಟರ ಈಸ್ಟರ್, ಅದನ್ನು ನೆನೆಯಬಾರದು ಅಂದುಕೊಂಡರೂ ಬಸ್ಸು ಕುಲುಕಿದ ಕಡೆಯಲ್ಲೆಲ್ಲ ಮೇಲೇಳ್ತದೆ, ಗುರುವಾರ ಬಟ್ಟೆ ಕಟ್ಟಿದ್ದು ತಾನೇ, ಯೋಹಾನಪ್ಪನ ಹಳೆಯ ಪಂಚೆಯ ಅಂಚಿಲ್ಲದ ತುಂಡು, ಮೂರು ಸುತ್ತು ಸುತ್ತಿ ಬಿಗಿದಿದ್ದಳು, ಭಾನುವಾರ ಎದ್ದಳು, ಬೆಳ್ಳಿ ಮೂಡಿತ್ತು, ಎದ್ದಾಗಲೇ ಎದೆ ಕಲ್ಲಾಗಿತ್ತು, ಇವತ್ತಾದರೂ ಅಂತ ಅಂದುಕೊಂಡಿದ್ದಳು, ಇವತ್ತಾದರೂ ಬೆಚ್ಚಗಾದೀತು, ಪುನರುತ್ಥಾನದ ದಿನವಲ್ಲವಾ, ಏನೂ ಇಲ್ಲ, ಆ ಬೇಸರದಲ್ಲಿ ನಡೆದು ಹೋಗಿ ಹಗ್ಗ ಹಿಡಿದಳು, ಎಳೆದಳು. ಹಗ್ಗ ಮೆತ್ತಗೆ ಬಂತು. ಆ ಮೆತ್ತಗೆ ಅಂಗೈಗೆ ಗೊತ್ತಾಗಿತ್ತು, ಸುಳ್ಳು ಹೇಳಬಾರದು, ಗೊತ್ತಾಗಿತ್ತು, ಕಬ್ಬಿಣ ಕಂಚಿಗೆ ಬಡಿದರೆ ಹಗ್ಗದಲ್ಲಿ ಒಂದು ಚುರುಕು ಇಳಿದು ಬರ್ತದೆ, ಚೇಳು ಕುಟುಕಿದ ಹಾಗೆ ಅಂಗೈಯ ನಡುವಿಗೆ, ಅದು ಇರಲಿಲ್ಲ, ಹತ್ತಿಯ ಮೂಟೆ ಎಳೆದ ಹಾಗಿತ್ತು, ಮತ್ತೆ ಅವಳು ಏನಂದುಕೊಂಡಳು, ಏಣಿ ತಂದು ನೋಡಬೇಕು ಅಂದುಕೊಂಡಳಾ, ಇಲ್ಲ, ಇದೂ ಹೋಯಿತು ಅಂದುಕೊಂಡಳು, ಕಿವಿ ಹೋಯಿತು, ಎದೆ ಹೋಯಿತು, ಈಗ ಕೈಯೂ ಹೋಯಿತು, ನನಗೆ ಇನ್ನು ಎಲ್ಲವೂ ಹೀಗೇ, ಬಟ್ಟೆ ಕಟ್ಟಿದ್ದು ತಾನು, ಹೊಣೆ ಹೊರಿಸಿದ್ದು ಸ್ವಾಮಿಯ ಮೇಲೆ. ಎಳೆದಳು, ಎಳೆದಳು, ಹಿಂದಕ್ಕೆ ತಿರುಗಲಿಲ್ಲ, ಯಾರಾದರೂ ಬಂದು ಹಗ್ಗ ಇಸಿದುಕೊಳ್ಳಬೇಕು, ಯಾರೂ ಬರಲಿಲ್ಲ, ತೋಳು ಬಿದ್ದುಹೋಗೋ ಹಾಗಾಯಿತು, ಬೆಳ್ಳಿ ಮಂಕಾಯಿತು, ಪೂರ್ವ ಕೆಂಪಾಯಿತು, ಪಾಳ್ಯಕ್ಕೆ ಪಾಳ್ಯವೇ ತನ್ನನ್ನು ಬಿಟ್ಟಿತು ಅಂದುಕೊಂಡಳು, ಸ್ವಾಮಿಯೂ ಅವರ ಜೊತೆಗೇ ಹೋದ ಅಂದುಕೊಂಡಳು, ಬಿಸಿಲು ಬಿದ್ದ ಮೇಲೆ ಭುಜ ಮುಟ್ಟಿದ್ದು ಶಿವರುದ್ರಮ್ಮ, ಸೊಂಟದಲ್ಲಿ ಹಾಲಿನ ಚೊಂಬು, ಬಾಯಲ್ಲಿ ಇನ್ನೂ ಎಲೆ ಇಲ್ಲ, ಅದಕ್ಕೇ ತುಟಿ ಸ್ಪಷ್ಟವಾಗಿ ಕಂಡಿತು, ಯಾಕವ್ವಾ ಇವತ್ತು ಗಂಟೆ ಬಡೀನಿಲ್ಲ? ಆಮೇಲೆ ಅವಳೇ ಮೇಲಕ್ಕೆ ನೋಡಿದಳು, ನೋಡಿ ಕೈ ತೋರಿಸಿದಳು, ಕಂಚಿನ ಕಪ್ಪು ಬಾಯೊಳಗೆ ಬಿಳೀ ಬಟ್ಟೆ, ಹೊತ್ತಾರೆ ಗಾಳಿಗೆ ಅದರ ತುದಿ ಅಲ್ಲಾಡ್ತಾ ಇತ್ತು.

ಗುಬ್ಬಿ, ಇಳಿದಳು, ಕಡಬದ ಬಸ್ಸಿಗೆ ಕಾದು ಹತ್ತಿದಳು, ಯಾರೋ ಎಳನೀರು ಕೆತ್ತುತ್ತಿದ್ದಾನೆ, ಮಚ್ಚು ಬೀಳ್ತದೆ ಸದ್ದಿಲ್ಲ, ಅಡಿಕೆ ಮೂಟೆಯ ಮೇಲೆ ಕೂತ ಇಬ್ಬರು ಜಗಳವಾಡ್ತಿದ್ದಾರೆ ಸದ್ದಿಲ್ಲ, ಜಗತ್ತಿನ ನಾಲಗೆಗೆಲ್ಲ ಬಟ್ಟೆ ಕಟ್ಟಿ ತನ್ನ ಮುಂದೆ ಬಿಟ್ಟಿದ್ದಾರೆ. ಹೋದ ವರ್ಷದ ಆ ಬೆಳಿಗ್ಗೆ ಪಾಳ್ಯ ನಿದ್ದೆಯಲ್ಲೇ ಇತ್ತು, ಸೂರ್ಯ ಹುಟ್ಟಿದ ಮೇಲೆ ಕಣ್ಣುಜ್ಜಿಕೊಂಡು ಸಮಾಧಿ ತೋಟಕ್ಕೆ ಹೋದರು, ಎಷ್ಟೋ ವರ್ಷದಲ್ಲಿ ಮೊದಲ ಸಲ, ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ದೇವಪುತ್ರಪ್ಪ ಮೇಷ್ಟ್ರು ಒಬ್ಬರೇ ಮುಖ ದುಮ್ಮಿಸಿಕೊಂಡಿದ್ದರು, ಪಾಳ್ಯದಲ್ಲಿ ಅಲಾರಂ ಗಡಿಯಾರ ಇದ್ದದ್ದು ಅವರೊಬ್ಬರ ಮನೆಯಲ್ಲೇ, ಗಂಟೆ ಇದೆಯಲ್ಲ ಅಂತ ಅವರೂ ಕೀ ಕೊಡದೆ ಮಲಗಿದ್ದರು, ಆ ಸಿಟ್ಟು ಎಸ್ತೇರಮ್ಮನ ಮೇಲೆ ತಿರುಗಿತ್ತು ಅಷ್ಟೆ. ವರ್ಷವಿಡೀ ಸಭೆಯಲ್ಲಿ ಅದೇ ಮಾತು, ಗುಬ್ಬಿಯಿಂದ ಮೈಕ್ ಸೆಟ್ ತರಿಸೋಣ, ಕಾಲ ಬದಲಾಗಿದೆ, ಎಸ್ತೇರಮ್ಮನಿಗೂ ವಯಸ್ಸಾಯಿತು, ಮಗಳ ಮನೆಯಲ್ಲಿ ಹಾಯಾಗಿರಲಿ, ಇದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸಿದವರು ಅಯ್ಯನವರು, ಹೊಸದಾಗಿ ಬಂದ ಎಳೇ ಅಯ್ಯನವರು, ಬರೆದು ಒರೆಸಿ ಮತ್ತೆ ಬರೆದರು, ಈ ಈಸ್ಟರ್ ನಿಮ್ಮ ಕೈಯಲ್ಲೇ ಇರಲಿ ಅಮ್ಮ, ಆಮೇಲೆ ನೋಡೋಣ. ಆಮೇಲೆ ನೋಡೋಣ ಅಂದರೆ ಗೊತ್ತು, ಇನ್ನೊಂದು ಸಲ ಪಾಳ್ಯ ಮಲಗಿದರೆ ಹಗ್ಗ ಹೋಯಿತು, ಹಗ್ಗ ಹೋದರೆ ಅಂಗೈಗೆ ಉಳಿಯೋದು ಮಗಳ ಬೆರಳಿನ ಅಕ್ಷರ ಒಂದೇ, ಕುಣಿಗಲ್ಲಿನ ಕೋಣೆ ಒಂದೇ. ಬಸ್ಸು ಕೆರೆ ಏರಿ ಹತ್ತಿತು, ನೀರು ಕೆಳಗೆ ಸರಿದು ದಡದ ಮಣ್ಣು ಬಿರುಕು ಬಿಟ್ಟಿದೆ, ನಡುವಿನಲ್ಲಿ ಮಾತ್ರ ಒಂದು ತಟ್ಟೆಯಷ್ಟು ಹೊಳಪು, ಅದರ ಸುತ್ತ ಕೊಕ್ಕರೆಗಳು. ಮನೆ ಬಾಗಿಲು ತೆಗೆಯೋ ಹೊತ್ತಿಗೆ ಶಿವರುದ್ರಮ್ಮ ಬೇಲಿ ಸಂದಿಯಲ್ಲಿ ನುಸುಳಿ ಬಂದಳು, ಡಾಕ್ಟರು ಏನಂದ್ರು ಅಂತ ಕಿವಿ ಮುಟ್ಟಿ ಕೇಳಿದಳು, ಬರಲ್ಲ ಅಂತೆ ಕಣಕ್ಕ, ಅವಳ ಮುಖ ಬಾಡಿತು, ಆಮೇಲೆ ಎಲೆಯಡಿಕೆ ಉಗಿದು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು ತುಟಿ ಬಿಡಿಸಿ ಬಿಡಿಸಿ ಹೇಳಿದಳು, ಹೋದ್ರೆ ಹೋಯ್ತು ಬುಡು, ಈ ಊರ್ನಲ್ಲಿ ಕೇಳೋವಂಥ ಮಾತು ಯಾರ್ ಆಡ್ತಾರೆ. ಎಸ್ತೇರಮ್ಮ ನಕ್ಕಳು, ನಗು ನಿಂತ ಮೇಲೆ ಶಿವರುದ್ರಮ್ಮ ಮೆಲ್ಲಗೆ ಅವಳ ಮೊಣಕಾಲು ಮುಟ್ಟಿ ಹೇಳಿದಳು, ನಾಳೆ ನಾನು ಬಂದು ಪಕ್ಕದಲ್ಲಿ ನಿಂತ್ಕೊಳ್ಳಾ, ಬಡೀತೋ ಇಲ್ವೋ ಹೇಳ್ತೀನಿ. ಒಂದು ಗಳಿಗೆ ಆಸೆಯಾಯಿತು, ಹೂಂ ಅನ್ನೋ ಹಾಗಾಯಿತು, ಪಕ್ಕದಲ್ಲಿ ಒಬ್ಬರು ನಿಂತು ತಲೆಯಾಡಿಸಿದರೆ ಎಷ್ಟು ಹಗುರ, ಆದರೆ ಹಾಗೆ ಯಾರೋ ಹೌದು ಅಂದರೆ ಮಾತ್ರ ಎಳೆಯೋದು ಅಂತಾದರೆ ಎರಡು ವರ್ಷ ಹೊಟ್ಟು ಅಗಿದದ್ದು ಯಾತಕ್ಕೆ, ಬೇಡ ಕಣಕ್ಕ, ನೀನು ಮನೆಯಲ್ಲೇ ಇರು, ಗಂಟೆ ಕೇಳಿದರೆ ಹಾಲು ಕರಿ, ಕೇಳದಿದ್ದರೆ ಬಂದು ಬೈಯಿ.

ಬೆಳ್ಳಿ ಮೂಡಿದೆ. ನಿದ್ದೆ ಮಾಡಿದ್ದಳೋ ಇಲ್ಲವೋ, ಎದ್ದು ಮುಖ ತೊಳೆದು ಮೊಣಕಾಲೂರಿದಳು, ಬೆಚ್ಚಗೆ ಏನೂ ಇಳಿಯಲಿಲ್ಲ, ಇಳಿಯದಿದ್ದರೆ ಬೇಡ, ಸ್ವಾಮಿ ಹೋಗ್ತಿದ್ದೀನಿ ಅಂದಳು, ಹೊಲಕ್ಕೆ ಹೋಗೋಳು ಒಳಗಿನವರಿಗೆ ಹೇಳಿ ಹೋದ ಹಾಗೆ, ಉತ್ತರಕ್ಕೆ ನಿಲ್ಲಲಿಲ್ಲ, ಅಂಗಳ ದಾಟಿದಳು, ಹೊಂಗೆ ಹೂ ಕಾಲಡಿಗೆ ತಣ್ಣಗೆ, ಏಣಿ ಕಲ್ಲುಕಂಬಕ್ಕೆ ಒರಗಿಸಿ ಅಲ್ಲಾಡಿಸಿ ನೋಡಿದಳು, ಹಿಡಿಯೋಕೆ ಯೋಹಾನಪ್ಪ ಇಲ್ಲ, ಅವನು ಅಲ್ಲಿ ಸಮಾಧಿ ತೋಟದಲ್ಲಿ ಕಾಯ್ತಿದ್ದಾನೆ, ಹೋದ ವರ್ಷ ಅವನನ್ನೂ ಕತ್ತಲಲ್ಲೇ ಕಾಯಿಸಿದೆ, ಹತ್ತಿದಳು, ಕತ್ತಲಲ್ಲಿ ಗಂಟೆಯ ಅಂಚು ಹಣೆಗೆ ತಾಗಿತು, ಒಳಗೆ ಕೈ ಹಾಕಿದಳು, ಬಟ್ಟೆ, ಇಬ್ಬನಿಗೆ ಒದ್ದೆಯಾಗಿ ಬಿಗಿದುಕೊಂಡಿದೆ, ಗುರುವಾರ ಹಾಕಿದ ಗಂಟು ತನಗೇ ಬಿಡಿಸಲಾಗದ ಹಾಗೆ, ಉಗುರು ಹಾಕಿದಳು, ಹಲ್ಲು ಹಾಕಿದಳು, ನಾಲಗೆಯ ಕಬ್ಬಿಣ ತುಟಿಗೆ ತಾಗಿತು, ತುಕ್ಕಿನ ರುಚಿ, ಗಂಟು ಸಡಿಲವಾಯಿತು, ಒಂದು ಸುತ್ತು, ಇನ್ನೊಂದು ಸುತ್ತು, ಇನ್ನೊಂದು, ಬಟ್ಟೆ ಕೈಗೆ ಬಂತು, ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಳು, ಆಮೇಲೆ ಮತ್ತೆ ಕೈ ಹಾಕಿ ಮುಟ್ಟಿ ನೋಡಿದಳು, ಮೇಲಿನಿಂದ ತುದಿಯವರೆಗೆ, ಏನೂ ಇಲ್ಲ, ಬರೀ ನಾಲಗೆ, ತಣ್ಣಗೆ, ಕಬ್ಬಿಣದ್ದು. ಇಳಿದಳು. ಹಗ್ಗ ಹಿಡಿದಳು. ಎಳೆದಳು — ಬಂತು. ಅಂಗೈಯ ನಡುವಿಗೆ ಚುರುಕ್ ಅಂತ ಬಂತು, ಮೊಣಕೈಗೆ ಏರಿತು, ಮಗಳು ಬರೆದ ಅಕ್ಷರಗಳ ಮೇಲೇ ಕುಟುಕಿತು, ಮತ್ತೆ ಎಳೆದಳು, ಮತ್ತೆ ಬಂತು, ಇದರ ಹಿಂದೆಯೇ ಅದೂ ಬರ್ತದೆ ಅಂತ ಎದೆ ಕಾದು ನಿಂತಿತು, ಆ ಬೆಚ್ಚಗಿನದು, ಕೈ ಎಚ್ಚೆತ್ತ ಮೇಲೆ ಎದೆ ಎಚ್ಚರಾಗದಿದ್ದೀತಾ, ಎಳೆದಳು, ಕಾದಳು, ಎದೆ ಹಾಗೇ ಇದೆ, ಒಣಗಿದ ಹಾಗೇ, ಬಿರುಕು ಬಿಟ್ಟ ಹಾಗೇ, ಸರಿ ಹಾಗೇ ಇರಲಿ, ನಾನು ಎಳೀತೀನಿ, ಮಾವ, ನೀವು ಕಿವಿಗೆ ಹತ್ತಿ ಇಟ್ಟುಕೊಂಡು ಎಳೆದಿರಿ, ನನ್ನ ಹತ್ತಿ ಅವನೇ ಇಟ್ಟಿದ್ದಾನೆ, ಒಳಕ್ಕೂ ಇಟ್ಟಿದ್ದಾನೆ, ಯಾಕೆ ಅಂತ ಅವನಿಗೆ ಗೊತ್ತು, ಹೇಳದಿದ್ದರೂ ಸರಿ, ಕೆರೆ ಏರಿಯ ಮೇಲೆ ಯಾರಿಗೋ ಕೇಳ್ತಿದೆ, ಕೇಳ್ತಿರಬೇಕು, ಹಾಸಿಗೆಯಲ್ಲಿ ಯಾರೋ ಕಣ್ಣು ಬಿಟ್ಟಿರಬೇಕು, ಶಿವರುದ್ರಮ್ಮನ ಹಸು ಕಿವಿ ನಿಮಿರಿಸಿರಬೇಕು, ಬೆನ್ನ ಹಿಂದೆ ಬಾಗಿಲುಗಳು ತೆರೀತಿವೆಯೋ ಮುಚ್ಚೇ ಇವೆಯೋ, ಒಂದು ಸಲ ತಿರುಗಿ ನೋಡಿದರೆ, ದೀಪ ಕಾಣಿಸ್ತದೋ ಇಲ್ಲವೋ ಒಂದೇ ಒಂದು ಸಲ — ಕತ್ತು ಅರ್ಧ ತಿರುಗಿತು, ನಿಂತಿತು, ಇಲ್ಲ, ಮುಂದಕ್ಕೇ, ಬಿಚ್ಚಿದ್ದು ಈ ಕೈಯೇ, ಮುಟ್ಟಿ ನೋಡಿದ್ದು ಈ ಕೈಯೇ, ಇನ್ನು ಹಗ್ಗ ಇಸಿದುಕೊಳ್ಳೋ ಕೈ ತಾನಾಗಿ ಬರಲಿ, ಈಗ ಬರಲಿ, ಬಿಸಿಲೇರಿ ಬರಲಿ, ಅಲ್ಲಿಯವರೆಗೆ ಎಳೀತೀನಿ, ಹಗ್ಗ ಇಳಿಯಿತು, ಏರಿತು, ಬಟ್ಟೆ ಸೊಂಟದಲ್ಲಿ ಒದ್ದೆಯಾಗಿ ಹೊಟ್ಟೆಗೆ ತಾಗ್ತಿದೆ, ತಾಗಲಿ, ಅದು ಇಲ್ಲಿದೆ, ಅಲ್ಲಿಲ್ಲ, ಮೇಲೆ ಕತ್ತಲಲ್ಲಿ ಕಂಚಿನ ಬಾಯಿ, ಬಾಯೊಳಗೆ ಬಟ್ಟೆ ಬಿಚ್ಚಿದ ನಾಲಗೆ, ಎಳೆದಳು, ಚುರುಕ್, ಎಳೆದಳು — ಬರೀ ನಾಲಗೆ, ತಣ್ಣಗೆ — ಬರೀ ನಾಲಗೆ —